ಕ್ಯೂಬಾದಲ್ಲಿ ದೋಣಿ ನೂಕಿದ್ದು

ಬೇಲೆಕೇರಿಯ ಹುಡುಗನೊಬ್ಬ ಹಡಗಿನ ಅಧಿಕಾರಿಯಾಗುವುದು ಸಾಧ್ಯವೇ ಇಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ. ಬಂದರಿನಾಚೆ ಲಂಗರು ಹಾಕಿ ನಿಂತಿದ್ದ ಅದಿರಿನ ಹಡಗನ್ನು ತೋರಿಸಿ, "ಅದಕ್ಕೆ ಬಣ್ಣ ಬಳಿಯೂಕೆ ಕರೀತ್ರು ನಿನ್ನ. ನಡ್ಸೂಕೆ ಕರಿಯೂದಿಲ್ಲ" ಎಂದಿದ್ದರು. ಆಮೇಲೆ ಕೇರಿಯ ಉಳಿದವರೂ ಅದನ್ನೇ ಹೇಳಿದರು. ಹೇಳದೆ ಉಳಿದವಳು ನನ್ನ ತಾಯಿ, ಆಯಿ, ಒಬ್ಬಳೇ. ಅವಳು ಬೆಳಗಾದರೆ ಮೀನಿನ ಬುಟ್ಟಿ ಹೊತ್ತು ಅಂಕೋಲೆಯ ಕಡೆ ನಡೆಯುತ್ತಿದ್ದಳು. ಅವಳಿಗೆ ಮಾತಾಡಲು ಪುರಸೊತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಕಾಲೇಜು ಮುಗಿಸಿದವನು ನಾನೇ ಮೊದಲು. ಇದನ್ನು ಸಂಕೋಚವಿಲ್ಲದೆ ಬರೆಯುತ್ತೇನೆ. ಬಿ.ಎಸ್ಸಿ. ಆದ ಮೇಲೆ ತರಬೇತಿ ಪಡೆದು ಹಡಗಿನಲ್ಲಿ ಕೆಡೆಟ್ ಆದೆ, ಅಂದರೆ ಅಧಿಕಾರಿಯಾಗಲು ಕಲಿಯುತ್ತಿರುವವನು. ಕೊನೆಯ ಪರೀಕ್ಷೆಗೆ ಕೂರಬೇಕಾದರೆ ಇಂತಿಷ್ಟು ಕಾಲ ಸಮುದ್ರದ ಮೇಲೆ ದುಡಿದಿದ್ದಾನೆ, ನಡತೆ ಸರಿಯಾಗಿದೆ ಎಂದು ಕ್ಯಾಪ್ಟನ್ ಕೊಡುವ ಪ್ರಮಾಣಪತ್ರ ಬೇಕು. ನನಗೆ ಬಾಕಿ ಉಳಿದಿದ್ದ ಕೆಲವು ತಿಂಗಳ ಸೇವೆಗಾಗಿ ಸಿಕ್ಕಿದ್ದು ಅಕ್ಕಿ ಹೊತ್ತ ಒಂದು ಹಡಗು. ಅದನ್ನು ಹತ್ತಬೇಕಾಗಿದ್ದುದು ಜಮೈಕಾದ ಕಿಂಗ್‌ಸ್ಟನ್ ಬಂದರಿನಲ್ಲಿ.

ಅಂಕೋಲೆಯ ಬಸ್‌ಸ್ಟ್ಯಾಂಡಿಗೆ ಆಯಿ ಬಂದಿದ್ದಳು. ಒಣಸಿಗಡಿ ಚಟ್ನಿಯ ಡಬ್ಬ ಕೈಗಿಟ್ಟು, ಅಲ್ಲಿ ಅನ್ನ ಸಿಕ್ಕುತ್ತದೋ ಇಲ್ಲವೋ ಎಂದಳು. ಹಡಗಿನ ತುಂಬ ಅಕ್ಕಿಯೇ ಇರುವುದು ಎಂದರೂ ಅವಳಿಗೆ ನಂಬಿಕೆ ಬರಲಿಲ್ಲ. ಕಾರವಾರದವರೆಗೆ ಬಸ್ಸು, ಅಲ್ಲಿಂದ ರಾತ್ರಿ ರೈಲಿನಲ್ಲಿ ಮುಂಬೈ, ಮುಂಬೈಯಿಂದ ಲಂಡನ್ ದಾರಿಯಾಗಿ ಕಿಂಗ್‌ಸ್ಟನ್. ಲಂಡನ್ನಿನಲ್ಲಿ ಒಂದು ಲೋಟ ಚಹಾಕ್ಕೆ ಕೊಟ್ಟ ದುಡ್ಡಿನಲ್ಲಿ ಕಾರವಾರಕ್ಕೆ ಏಳೆಂಟು ಸಲ ಹೋಗಿ ಬರಬಹುದಿತ್ತು. ಕಿಂಗ್‌ಸ್ಟನ್‌ನಲ್ಲಿ ವಿಮಾನದ ಬಾಗಿಲು ತೆರೆದಾಗ ಮುಖಕ್ಕೆ ಹೊಡೆದ ಗಾಳಿ ಮಾತ್ರ ಮೇ ತಿಂಗಳ ಅಂಕೋಲೆಯದೇ: ಉಪ್ಪು, ಬೆವರು, ಎಲ್ಲೋ ಮೀನು ಒಣಗುತ್ತಿರುವ ವಾಸನೆ. ಅರ್ಧ ಹೆದರಿಕೆ ಅಲ್ಲೇ ಹೋಯಿತು.

ಹಡಗಿನ ಕ್ಯಾಪ್ಟನ್ ರತ್ನಾಗಿರಿಯವರು. ನಾನು ಬೇಲೆಕೇರಿಯ ಮೀನು ಹಿಡಿಯುವ ಹರಿಕಂತ್ರರ ಹುಡುಗ ಎಂದು ತಿಳಿದ ಮೇಲೆ ನನ್ನೊಡನೆ ಕೊಂಕಣಿ ಬೆರೆತ ಮರಾಠಿಯಲ್ಲೇ ಮಾತಾಡುತ್ತಿದ್ದರು. ಆದರೆ ಆ ಸಲಿಗೆ ಊಟದ ಮೇಜಿಗೆ ಮಾತ್ರ. ಕೆಲಸದಲ್ಲಿ ಅವರು ಯಾರನ್ನೂ ಬಿಡುವವರಲ್ಲ ಎಂದು ಮೊದಲ ದಿನವೇ ಅಡುಗೆಯವರು ನನ್ನನ್ನು ಎಚ್ಚರಿಸಿದರು. ಹಿಂದಿನ ಕೆಡೆಟ್‌ನ ಪ್ರಮಾಣಪತ್ರದಲ್ಲಿ ನಡತೆಯ ಜಾಗವನ್ನು ಖಾಲಿ ಬಿಟ್ಟಿದ್ದರಂತೆ. ಖಾಲಿ ಬಿಡುವುದೂ ಬಯ್ಯುವುದೂ ಪರೀಕ್ಷಕರಿಗೆ ಒಂದೇ.

ಕಿಂಗ್‌ಸ್ಟನ್‌ನಲ್ಲಿ ಅಕ್ಕಿ ಇಳಿಸುತ್ತಿದ್ದ ದಿನಗಳಲ್ಲಿ ಮಧ್ಯಾಹ್ನದ ಬಿಡುವು ಸಿಕ್ಕಾಗಲೆಲ್ಲ ಊರೊಳಗೆ ಹೋದೆ. ಮರುವರ್ಷದ ವಿಶ್ವಕಪ್ಪಿಗಾಗಿ ಕ್ರಿಕೆಟ್ ಮೈದಾನ ಸಜ್ಜಾಗುತ್ತಿತ್ತು. ಭಾರತದವನು ಎಂದರೆ ಸಾಕು, ಟ್ಯಾಕ್ಸಿಯವನು ಬ್ಯಾಟಿಂಗಿನ ವಿಷಯ ತೆಗೆಯುತ್ತಿದ್ದ. ಸಂತೆಯಲ್ಲಿ ನಮ್ಮ ಹರಿವೆ ಸೊಪ್ಪಿನಂಥದೇ ಸೊಪ್ಪು, ನಮ್ಮದೇ ನೀರುಹಲಸು. ಬಾಂಬೆ ಮಾವು ಎಂದು ಒಂದು ಹಣ್ಣು ಮಾರುತ್ತಿದ್ದರು. ತಿಂದು ನೋಡಿದೆ, ಕೆಟ್ಟದ್ದೇನಲ್ಲ. ಆದರೆ ಅಂಕೋಲೆಯ ಇಶಾಡು ತಿಂದು ಬೆಳೆದವನ ಎದುರು ಅದನ್ನು ಹೊಗಳಬಾರದು.

ಮೀನಿನ ದಂಡೆಯಲ್ಲಿ ಪರ್ಲ್ ಎಂಬ ಹೆಂಗಸಿನ ಪರಿಚಯವಾಯಿತು. ಆಯಿಯ ವಯಸ್ಸು, ಆಯಿಯದೇ ಗಂಟಲು. ಕರಿದ ಮೀನಿಗೆ ಈರುಳ್ಳಿ, ಮೆಣಸು, ಹುಳಿ ಹಾಕಿ, ಜೊತೆಗೆ ಮರಗೆಣಸಿನ ರೊಟ್ಟಿ ಕೊಡುತ್ತಿದ್ದಳು. ಅವಳ ಅಂಗಡಿಯ ರೇಡಿಯೋದಲ್ಲಿ ಜನ ಫೋನು ಮಾಡಿ ಮಂತ್ರಿಗಳನ್ನು ಹೆಸರು ಹಿಡಿದು ಬಯ್ಯುತ್ತಿದ್ದರು. ಅವಳು ಮೀನು ತಿರುವಿ ಹಾಕುತ್ತ ರೇಡಿಯೋದವರಿಗಿಂತ ಜೋರಾಗಿ ಬಯ್ಯುತ್ತಿದ್ದಳು. ದಂಡೆಯಲ್ಲಿ ಸಾಲಾಗಿ ನಿಂತ ದೋಣಿಗಳು ಯಾರ ಅಪ್ಪಣೆಯನ್ನೂ ಕೇಳದೆ ಬೆಳಗ್ಗೆ ಹೋಗಿ ಮಧ್ಯಾಹ್ನ ಬರುತ್ತಿದ್ದವು. ಇದು ನಮ್ಮಂಥದೇ ಊರು ಎಂದುಕೊಂಡೆ.

ಆದರೆ ಸಂಜೆ ಐದಾಗುತ್ತಲೇ ಅವಳು ಒಲೆ ಆರಿಸಿದಳು. ಇಷ್ಟು ಬೇಗ ಯಾಕೆ, ಗಿರಾಕಿ ಬರುವ ಹೊತ್ತಲ್ಲವೇ ಎಂದು ಕೇಳಿದೆ. ಅವಳ ತಂಗಿಯ ಮಗನನ್ನು ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದಿದ್ದರು. ಯಾರೆಂದು ಇಡೀ ಓಣಿಗೆ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. "ನಾನು ಪ್ರಧಾನಿಯನ್ನು ಬಯ್ಯಬಲ್ಲೆ ಮಗನೇ, ನನ್ನ ಓಣಿಯ ಹುಡುಗರನ್ನು ಬಯ್ಯಲಾರೆ" ಎಂದಳು. "ಕತ್ತಲಾದ ಮೇಲೆ ಎದುರು ಅಂಗಡಿಯಿಂದ ಒಂದು ಬ್ರೆಡ್ಡು ತರಲಾರೆ." ಹಿಂದಿರುಗುವಾಗ ಮನೆಗಳನ್ನು ಸರಿಯಾಗಿ ನೋಡಿದೆ. ಬಡವರ ಮನೆಯಿರಲಿ, ಸಾಹುಕಾರರ ಮನೆಯಿರಲಿ, ಕಿಟಕಿ, ಜಗಲಿ, ಹಿತ್ತಲು, ಎಲ್ಲಕ್ಕೂ ಕಬ್ಬಿಣದ ಸರಳು. ಅಷ್ಟು ದಿನ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಕಿಂಗ್‌ಸ್ಟನ್‌ನಿಂದ ಕ್ಯೂಬಾದ ಸಾಂಟಿಯಾಗೊಗೆ ಒಂದು ರಾತ್ರಿಯ ದಾರಿ. ಸಂಜೆ ಹೊರಟೆವು, ಮರುದಿನ ಊಟದ ಹೊತ್ತಿಗೆ ಗುಡ್ಡಗಳ ನಡುವಿನ ಕಿರಿದಾದ ಬಾಯಿಯೊಳಗೆ ನುಗ್ಗಿದೆವು. ಮೇಲೊಂದು ಹಳೆಯ ಕೋಟೆ, ಒಳಗೆ ಕೆರೆಯಂತೆ ಸದ್ದಿಲ್ಲದ ನೀರು. ಅಷ್ಟು ಚಂದದ ಕೊಲ್ಲಿಯಲ್ಲಿ ಏನೋ ಕಡಿಮೆ ಇದೆ ಅನ್ನಿಸುತ್ತಿತ್ತು, ಏನೆಂದು ತಿಳಿಯಲಿಲ್ಲ. ಹಗ್ಗ ಕಟ್ಟುವಾಗ ಹೊಳೆಯಿತು: ದೋಣಿಗಳಿಲ್ಲ. ಅಲ್ಲೊಂದು ಇಲ್ಲೊಂದು ಬಿಟ್ಟರೆ ನೀರು ಬರಿದು.

ಊರಿಗೆ ಮಾತ್ರ ಕಿಂಗ್‌ಸ್ಟನ್‌ನ ಹೆದರಿಕೆ ಇರಲಿಲ್ಲ. ರಾತ್ರಿ ಊಟವಾದ ಮೇಲೂ ಹೆಂಗಸರು ಕುರ್ಚಿ ಹಾಕಿಕೊಂಡು ಬೀದಿಯಲ್ಲೇ ಕೂರುತ್ತಿದ್ದರು, ಮಕ್ಕಳು ದೀಪದ ಕಂಬದ ಕೆಳಗೆ ಆಡುತ್ತಿದ್ದವು. ಬಾಗಿಲುಗಳು ತೆರೆದೇ ಇರುತ್ತಿದ್ದವು. ಓಣಿಗೊಬ್ಬ ವೈದ್ಯ, ದುಡ್ಡು ಕೇಳದ ಶಾಲೆ. ರೇಷನ್ ಅಂಗಡಿಯಲ್ಲಿ ತಲೆಗಿಷ್ಟು ಅಕ್ಕಿ. ನಾವು ತಂದದ್ದೂ ಅಲ್ಲಿಗೇ ಹೋಗುತ್ತದೆ ಎಂದರು. ಆದರೆ ದುಡ್ಡು ಎರಡು ಬಗೆಯದು. ನಮ್ಮಂಥವರ ಕೈಯಲ್ಲಿರುವ ದುಡ್ಡಿಗೆ ಸೋಪು, ಎಣ್ಣೆ, ಬೇಕಾದ್ದು ಸಿಗುತ್ತಿತ್ತು. ಅವರ ಸಂಬಳದ ದುಡ್ಡಿಗೆ ಅಂಗಡಿಯಲ್ಲಿ ಬರೀ ಕಪಾಟು. ಪ್ರವಾಸಿಗರ ಹೋಟೆಲಿನೊಳಗೆ ಊರಿನವರಿಗೆ ಕೋಣೆ ಇಲ್ಲ. ಮಂತ್ರಿಗಳ ವಿಷಯ ಕೇಳಿದರೆ ಮಾತು ಹವಾಮಾನಕ್ಕೆ ಹೊರಳುತ್ತಿತ್ತು.

ಭಾನುವಾರ ಹಗಲಿಗೆ ರಜೆ ಸಿಕ್ಕಿತು. ಬೆಂಚು ಹಾಕಿದ ಲಾರಿಯಲ್ಲಿ, ಅಲ್ಲಿ ಅದೇ ಬಸ್ಸು, ನಿಂತುಕೊಂಡೇ ಹೋಗಿ ಕೊಲ್ಲಿಯಾಚೆಯ ಒಂದು ಸಣ್ಣ ಮೀನುಗಾರರ ಕೇರಿಯಲ್ಲಿ ಇಳಿದೆ. ದಂಡೆಯಲ್ಲಿ ಇಬ್ಬರು ಒಂದು ದೋಣಿ ನೂಕುತ್ತಿದ್ದರು. ಮರಳು ಬಿಡುತ್ತಿರಲಿಲ್ಲ.

ನಮ್ಮ ಕಡೆ ಯಾರಾದರೂ ದೋಣಿ ನೂಕುತ್ತಿದ್ದರೆ ಸುಮ್ಮನೆ ದಾಟಿ ಹೋಗುವಂತಿಲ್ಲ. ಮದುವೆಗೆ ಹೊರಟವನಾದರೂ ಪಂಚೆ ಎತ್ತಿ ಕಟ್ಟಿ ಭುಜ ಕೊಡಬೇಕು. ಹಿಂದಿನಿಂದ ನೂಕಿದವನು ದೋಣಿ ತೇಲುತ್ತಲೇ ಮೇಲೆ ಹಾರಿಕೊಳ್ಳುತ್ತಾನೆ, ಇಲ್ಲವಾದರೆ ಮುಂದಿನ ತೆರೆ ಅವನನ್ನು ಕೆಡವುತ್ತದೆ. ಆಮೇಲೆ ಬೇಕಾದರೆ ಇಳಿದು ಈಜಿ ಬರುತ್ತಾನೆ. ನಾನು ಯೋಚಿಸಲಿಲ್ಲ. ಚಪ್ಪಲಿ ಬಿಟ್ಟು ಹಿಂದೆ ಹೋಗಿ ಭುಜ ಕೊಟ್ಟೆ. ದೋಣಿ ಜಾರಿತು, ತೇಲಿತು, ನಾನು ಒಳಗಿದ್ದೆ.

ದೋಣಿಯವನ ಮುಖ ನೋಡಿ ಏನೋ ತಪ್ಪಾಗಿದೆ ಎಂದು ಗೊತ್ತಾಯಿತು. ದಂಡೆಯಿಂದ ಸೀಟಿ ಕೇಳಿತು. ಹಸಿರು ಬಟ್ಟೆಯ ಒಬ್ಬ ಸಿಪಾಯಿ ಓಡಿ ಬಂದ. ದೋಣಿಯನ್ನು ಮತ್ತೆ ಮರಳಿಗೆ ಎಳೆಸಿ, ನನ್ನ ಜೇಬಿನಿಂದ ಬಂದರಿನ ಪಾಸು ಕಿತ್ತುಕೊಂಡ.

ದೋಣಿಯವನ ಹೆಸರು ರೊಲಾಂಡೊ. ಹಿಂದೆ ಸರಕಿನ ಹಡಗಿನಲ್ಲಿದ್ದವನಾದ್ದರಿಂದ ಇಂಗ್ಲಿಷ್ ಬರುತ್ತಿತ್ತು. ಸಿಪಾಯಿ ನಮ್ಮನ್ನು ಒಯ್ದ ಕಾವಲು ಚೌಕಿಯ ಬೆಂಚಿನ ಮೇಲೆ ಕೂತು ಅವನು ಹೇಳಿದ ಮೇಲೆ ನಾನು ಮಾಡಿದ್ದು ಏನೆಂದು ತಿಳಿಯಿತು. ಅಲ್ಲಿ ದೋಣಿಗೆ ಪರವಾನಗಿ ಬೇಕು. ಹೋಗುವಾಗ ಚೌಕಿಯಲ್ಲಿ ಹೆಸರು ಬರೆಸಬೇಕು, ಬಂದಾಗ ತೋರಿಸಿಕೊಳ್ಳಬೇಕು. ಹೆಸರಿಲ್ಲದವನು ದೋಣಿಯಲ್ಲಿ ಕಾಲಿಡುವಂತಿಲ್ಲ. ಅವನ ತಮ್ಮ ಒಂದು ದೋಣಿ ಹತ್ತಿ ದೇಶ ಬಿಟ್ಟು ಹೋಗಿದ್ದ. ಆ ಕಾರಣಕ್ಕೆ ರೊಲಾಂಡೊನನ್ನು ದಂಡೆಯಲ್ಲೇ ಕೂರಿಸಿದ್ದರು. ಪರವಾನಗಿ ಮತ್ತೆ ಕೈಗೆ ಬಂದದ್ದು ಈಚೆಗೆ. ಈಗ ವಿದೇಶಿ ಹಡಗಿನವನೊಬ್ಬ ಅವನ ದೋಣಿಯಲ್ಲಿ ಸಿಕ್ಕಿದ್ದಾನೆ. ಯಾರನ್ನೋ ನಮ್ಮ ಹಡಗಿಗೆ ಸಾಗಿಸುವ ಹಂಚಿಕೆ ಎಂದು ಸಿಪಾಯಿ ತಿಳಿದುಕೊಂಡಿದ್ದ. ಅದು ನಿಜವೆಂದಾದರೆ ಅವನ ಸಮುದ್ರ ಹೋಯಿತು, ನನ್ನ ಪ್ರಮಾಣಪತ್ರವೂ ಹೋಯಿತು.

ಅಷ್ಟರಲ್ಲಿ ರೊಲಾಂಡೊನ ತಾಯಿ ಬಂದಳು, ಅವಳ ಹಿಂದೆ ಅರ್ಧ ಕೇರಿ. ಅವಳು ಸಿಪಾಯಿಗೆ ಬೆರಳು ತೋರಿಸಿ ಬಯ್ಯತೊಡಗಿದಳು. ಏನೆನ್ನುತ್ತಿದ್ದಾಳೆ ಎಂದು ಕೇಳಿದೆ. "ನಿನ್ನ ಅಮ್ಮನಿಗೆ ಹೆರಿಗೆ ಮಾಡಿಸಿದವಳು ನಾನು, ಅವತ್ತೇ ನಿನ್ನನ್ನು ಒಳಗೆ ತಳ್ಳಿಬಿಡಬೇಕಿತ್ತು ಎನ್ನುತ್ತಿದ್ದಾಳೆ" ಎಂದ ರೊಲಾಂಡೊ, ನಗದೆ. ಸಿಪಾಯಿ ಟೋಪಿ ತೆಗೆದು ನೆಲ ನೋಡುತ್ತ ನಿಂತ. ಸರಕಾರವನ್ನು ಬಯ್ಯದ ಊರಿನಲ್ಲಿ ಸಿಪಾಯಿಗೆ ಹೀಗೆ ಬಯ್ಯಬಹುದು ಎಂದು ನಾನು ಎಣಿಸಿರಲಿಲ್ಲ.

ಕೊನೆಗೆ ಮೇಲಧಿಕಾರಿ ಮೋಟಾರ್ ಸೈಕಲಿನಲ್ಲಿ ಬಂದ. ನರೆತ ಮೀಸೆ, ಸಮಾಧಾನದ ಮನುಷ್ಯ. ರೊಲಾಂಡೊನ ಬಾಯಲ್ಲೇ ನನ್ನನ್ನು ಕೇಳಿದ: ದೋಣಿ ಯಾಕೆ ಹತ್ತಿದೆ? ನೂಕಿದ್ದರಿಂದ ಹತ್ತಿದೆ ಎಂದೆ. ಯಾಕೆ ನೂಕಿದೆ? ನಮ್ಮೂರಲ್ಲಿ ನೂಕದೆ ಹೋದರೆ ಮರ್ಯಾದೆ ಅಲ್ಲ ಎಂದೆ. ನನ್ನಪ್ಪ, ಅಜ್ಜ, ಎಲ್ಲ ದೋಣಿಯವರೇ ಎಂದೂ ಹೇಳಿದೆ. ಹುಟ್ಟು ಹಿಡಿದ ಕೈಯೇ ಎಂದು ಅವನು ನನ್ನ ಅಂಗೈ ನೋಡಲಿಲ್ಲ, ಪರೀಕ್ಷೆ ಮಾಡಲಿಲ್ಲ. ಇನ್ನೊಂದೇ ಪ್ರಶ್ನೆ ಕೇಳಿದ: "ನಿಮ್ಮ ದೇಶದಲ್ಲಿ ಯಾರು ಬೇಕಾದರೂ ಎಲ್ಲಿಗೆ ಬೇಕಾದರೂ ದೋಣಿ ಒಯ್ಯಬಹುದೋ?"

ಹೌದು ಎನ್ನಲು ಬಾಯಿ ತೆರೆದಿದ್ದೆ. ಆಗ ಆಯಿಯ ತವರು ನೆನಪಾಯಿತು. ಕಾರವಾರದ ಈಚೆಗಿನ ಆ ಊರು ನೌಕಾನೆಲೆಗೆ ಹೋಯಿತು. ಮಾವನ ಮನೆಯವರು ಬೇಲೆಕೇರಿಗೆ ಬಂದರು. ಅವರು ಬಲೆ ಬಿಡುತ್ತಿದ್ದ ನೀರಿಗೆ ಈಗ ದೋಣಿ ಹೋಗುವಂತಿಲ್ಲ. "ನೌಕಾಪಡೆಯ ಹತ್ತಿರ ಇಲ್ಲ" ಎಂದೆ. "ಉಳಿದ ಕಡೆ ಹೋಗಬಹುದು." ಅವನು ತಲೆಯಾಡಿಸಿದ. ಎರಡೂ ಒಂದೇ ಎಂದು ಅವನು ಅಂದುಕೊಂಡಿರಬೇಕು. ಒಂದೇ ಅಲ್ಲ. ನಮ್ಮಲ್ಲಿ ಸಮುದ್ರದ ಒಂದು ತುಂಡಿಗೆ ಬೇಲಿ, ಅಲ್ಲಿ ಇಡೀ ಸಮುದ್ರಕ್ಕೆ. ಆದರೆ ಆ ತುಂಡು ಯಾರದಾಗಿತ್ತೋ ಅವರಿಗೆ ಅದೇ ಇಡೀ ಸಮುದ್ರ ಎಂಬುದೂ ನನಗೆ ಗೊತ್ತು. ಮಾವನೊಡನೆ ಅದನ್ನು ವಾದಿಸುವ ಧೈರ್ಯ ನನಗಿಲ್ಲ.

ರೊಲಾಂಡೊನ ತಾಯಿ ಕಾಫಿ ತಂದಳು. ಮೊದಲು ಮೇಲಧಿಕಾರಿಗೆ, ಆಮೇಲೆ ನನಗೆ; ಸಿಪಾಯಿಗೆ ಕೊಡಲಿಲ್ಲ. ಕಾಫಿ ಮುಗಿಸಿ ಮೇಲಧಿಕಾರಿ ನನ್ನ ಪಾಸು ಹಿಂದಕ್ಕೆ ಕೊಟ್ಟ. ರೊಲಾಂಡೊನ ಪರವಾನಗಿಯ ಮಾತು ನಾಳೆ ನೋಡುತ್ತೇನೆ ಎಂದ. ಆ "ನಾಳೆ" ಎಂಬ ಮಾತು ಹೊತ್ತುಕೊಂಡೇ ನಾನು ಹಡಗಿಗೆ ಬಂದೆ, ಜೊತೆಗೆ ಸಿಪಾಯಿ.

ಕ್ಯಾಪ್ಟನ್ ಎಲ್ಲ ಕೇಳಿಸಿಕೊಂಡು, "ದೋಣಿ ಕಂಡಲ್ಲಿ ಹತ್ತುವುದಾದರೆ ನಿನಗೆ ನನ್ನ ಹಡಗು ಯಾಕೆ ಪೋರಾ?" ಎಂದರು. ಸಾಂಟಿಯಾಗೊ ಬಿಡುವವರೆಗೆ ದಡಕ್ಕೆ ಇಳಿಯಕೂಡದು. ಪ್ರಮಾಣಪತ್ರದ ಮಾತನ್ನು ಅವರು ಎತ್ತಲಿಲ್ಲ, ನಾನು ಕೇಳಲಿಲ್ಲ.

ಹಡಗು ಹೊರಟ ಬೆಳಗ್ಗೆ ನನಗೆ ಹಡಗು ನಡೆಸುವ ಮೇಲಿನ ಅಟ್ಟದಲ್ಲಿ ಕಾವಲು. ಕೊಲ್ಲಿಯ ಬಾಯಿ ದಾಟುತ್ತಿದ್ದಂತೆ ಎಡಕ್ಕೆ ಒಂದು ದೋಣಿ ಕಾಣಿಸಿತು. ದೂರದರ್ಶಕ ಹಚ್ಚಿದೆ. ಇಬ್ಬರಿದ್ದರು, ಒಬ್ಬ ಬಲೆ ಎಳೆಯುತ್ತಿದ್ದ, ಇನ್ನೊಬ್ಬ ಎದ್ದು ನಿಂತು ಹಡಗಿನ ಕಡೆ ಟೋಪಿ ಬೀಸಿದ. ರೊಲಾಂಡೊ. ಅವನ ಪರವಾನಗಿ ಉಳಿದಿತ್ತು. ಕಾವಲಿನಲ್ಲಿ ಕೈ ಬೀಸುವಂತಿಲ್ಲ. ಹಿಂದೆ ನಿಂತಿದ್ದ ಕ್ಯಾಪ್ಟನ್, "ಬೀಸು ಮಾರಾಯ, ಅವನು ಕಾಯುತ್ತಿದ್ದಾನೆ" ಎಂದರು.

ಮುಂದಿನ ತಿಂಗಳುಗಳು ಬಂದರಿನಿಂದ ಬಂದರಿಗೆ ಹೋದವು. ಪನಾಮಾದಲ್ಲಿ ನಾನು ಇಳಿಯುವ ದಿನ ಕ್ಯಾಪ್ಟನ್ ಪ್ರಮಾಣಪತ್ರಕ್ಕೆ ಸಹಿ ಹಾಕಿ ಕೈಗೆ ಕೊಟ್ಟರು. ಅಲ್ಲೇ ನಿಂತು ಓದಿದೆ. ಯಾವ ಜಾಗವೂ ಖಾಲಿ ಇರಲಿಲ್ಲ. ವಿಮಾನದಲ್ಲಿ ಎರಡು ಸಲ, ಕೊಂಕಣ ರೈಲಿನಲ್ಲಿ ಎಷ್ಟು ಸಲವೋ ಅದನ್ನು ತೆಗೆದು ನೋಡಿದೆ.

ಬೇಲೆಕೇರಿಗೆ ಮುಟ್ಟಿದಾಗ ಆಯಿ ಹಿತ್ತಲಲ್ಲಿ ಬಂಗಡೆ ಹೆಚ್ಚುತ್ತಿದ್ದಳು. ಕೈ ತೊಳೆದು, ಸೆರಗಿಗೆ ಒರಸಿ, ಮತ್ತೊಮ್ಮೆ ತೊಳೆದು ಬಂದಳು. ಪ್ರಮಾಣಪತ್ರವನ್ನು ಅವಳ ಕೈಗೆ ಕೊಟ್ಟೆ. ಅವಳಿಗೆ ಓದಲು ಬಾರದು. ಎರಡು ಬೆರಳಿನಲ್ಲಿ ಅಂಚು ಹಿಡಿದು, ಇದರಲ್ಲಿ ಎಂತ ಬರೆದಿದ್ದಾರೆ ಎಂದು ಕೇಳಿದಳು. ಕುಡಿಯುವುದಿಲ್ಲ, ನಡತೆ ಒಳ್ಳೆಯದು, ಕೆಲಸದಲ್ಲಿ ನಂಬಬಹುದು ಎಂದು ಕನ್ನಡದಲ್ಲಿ ಹೇಳಿದೆ.

ಆಯಿ ಕಾಗದವನ್ನು ನನ್ನ ಕೈಗೇ ಹಿಂದಕ್ಕೆ ಕೊಟ್ಟಳು.

"ಇಷ್ಟ್ ಹೇಳೂಕೆ ರತ್ನಾಗಿರಿಯವ ಬೇಕಾಯ್ತಾ ಮಗಾ? ಬರಿಯೂಕೆ ಬಂದಿದ್ರೆ ನಾನೇ ಬರ್ದ್ ಕೊಡ್ತಿದ್ದೆ."