ಒಂಬತ್ತು ಕೈ ವಾರ್ನಿಷ್

ರಾಯದುರ್ಗದ ನಮ್ಮ ಪಕ್ಕದ ಮನೆಯ ಟೈಲರ್ ಬಿಡುವಿದ್ದಾಗ ಗಾಳಕ್ಕೆಂದು ಮರದ ಪುಟ್ಟ ಮೀನು ಕೆತ್ತಿ, ಜೀನ್ಸ್ ಪ್ಯಾಂಟಿನ ರಿವಿಟ್ಟನ್ನೇ ಅದಕ್ಕೆ ಕಣ್ಣಾಗಿ ಕೂರಿಸುತ್ತಿದ್ದರು. ವಾರ್ನಿಷ್ ಒಣಗಿದ ಮೇಲೆ ಉಗುರಿನಿಂದ ಕೆರೆದು ನೋಡಿ, "ಕಚ್ಚೋ ಮೀನಿನ ಹಲ್ಲು ಕಟ್ಟಿಗಿ ಮುಟ್ಟಬಾರ್ದು. ಇನ್ನೊಂದು ಕೈ ಹೊಡೀಬೇಕು" ಎನ್ನುತ್ತಿದ್ದರು. ಅವರ ಲೆಕ್ಕ ಬರೆದಿಡುತ್ತಿದ್ದ ನನ್ನ ಡೈರಿಯ ಪ್ರಕಾರ ಆರನೆಯ ಮೀನಿಗೆ ಒಂಬತ್ತು ಕೈ. ಅಲ್ಲಿಯವರೆಗೆ ಕೆರೆಯ ಒಂದು ಮೀನೂ ಅವರ ಮೀನನ್ನು ನಂಬಿರಲಿಲ್ಲ.

"ಅದಕ್ಕೊಂದು ಪ್ಯಾಂಟೂ ಹೊಲೀರಿ, ಆಗ ಬರ್ತಾವ" ಎಂದು ಅವರ ಹೆಂಡತಿ ನಗುತ್ತಿದ್ದರು.

ನಾನೂ ಕೆರೆಗೆ ಜೊತೆಯಲ್ಲಿ ಹೋಗಿದ್ದ ಒಂದು ಭಾನುವಾರ ಆ ಆರನೆಯದನ್ನು ದೊಡ್ಡ ಕೊರಮೀನು ಕಚ್ಚಿತು. ಟೈಲರ್ ಅದನ್ನು ದಡಕ್ಕೆಳೆದು ಕೊಕ್ಕೆ ಬಿಡಿಸಿ, ತಮ್ಮ ಮರದ ಮೀನನ್ನು ಬಿಸಿಲಿಗೆ ಹಿಡಿದು ತಿರುಗಿಸುತ್ತಾ ನಿಂತರು. ಅಷ್ಟರಲ್ಲಿ ಕೊರಮೀನು ಹೊರಳಿ ನೀರು ಸೇರಿತು.

"ಅಣ್ಣಾ, ಮೀನು ಹೋತ್ರಿ!" ಎಂದು ಕೂಗಿದೆ.

"ಹೋಗ್ಲಿ ಬಿಡು. ಹಲ್ಲಿನ ಗುರುತು ನಾಕು, ಬರ್ಕೋ ತಂಗಿ" ಎಂದರು. ಮುಖವೆಲ್ಲ ಅರಳಿತ್ತು. "ಒಂದೂ ಕಟ್ಟಿಗಿ ಮುಟ್ಟಿಲ್ಲ."