ಗಜೇಂದ್ರಗಡದ ಕಡೆ ಎದ್ದ ಮೋಡ

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ದಿನಗಳವು. ಇಳಕಲ್ಲಿನ ನಮ್ಮ ಓಣಿಯಲ್ಲಿ ಬೇಸಿಗೆ ಬಂತೆಂದರೆ ಮಂದಿ ಮುಗಿಲನ್ನು ವೈರಿಯನ್ನು ನೋಡಿದ ಹಾಗೆ ನೋಡುತ್ತಿದ್ದರು. ಹೊಲದವರಿಗೆ ಮುಂಗಾರಿಗಿಂತ ಮೊದಲು ಬರುವ ಅಡ್ಡಮಳೆ ಬೇಕು, ನಮಗೆ ಬೇಡ. ನಮ್ಮದು ನೇಕಾರರ ಓಣಿ. ಸೀರೆಯ ಉದ್ದನೆಯ ನೂಲನ್ನು, ಅಂದರೆ ಹಾಸನ್ನು, ಮಗ್ಗಕ್ಕೆ ಏರಿಸುವ ಮೊದಲು ಬೀದಿಯ ಉದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತಿಕ್ಕಿ ಒಣಗಿಸುತ್ತಿದ್ದರು. ಆ ಹೊತ್ತಿಗೆ ಒಂದು ಮಳೆ ಬಿದ್ದರೆ ಸಾಕು, ನೂಲಿಗೆ ನೂಲು ಅಂಟಿ ಎಲ್ಲ ಸಿಕ್ಕುಗಟ್ಟುತ್ತಿತ್ತು. ಹುಳಿ ಗಂಜಿಯ ವಾಸನೆ, ಬಣ್ಣದ ಹಂಡೆಗಳ ಘಾಟು, ಕಾದ ಕಲ್ಲಿನ ಝಳ, ಅದರ ನಡುವೆ ಮಧ್ಯಾಹ್ನ ಗುಡುಗುತ್ತದೋ ಇಲ್ಲವೋ ಎಂಬ ಒಂದೇ ಮಾತು. ಆ ಮಾತಿನಿಂದಲೇ ಜಗಳ ಹುಟ್ಟುತ್ತಿದ್ದವು. ಓದುವವರಲ್ಲಿ ಅಂಥ ಓಣಿಯಲ್ಲಿ ಬೆಳೆದವರು ಯಾರಾದರೂ ಇದ್ದರೆ ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿ ಮಳೆ ಬಲ್ಲವರು ಇಬ್ಬರಿದ್ದರು. ಒಬ್ಬ ಈರಪ್ಪ. ನಮ್ಮ ಮನೆಯಿಂದ ಐದನೆಯ ಮನೆಯವನು, ಆರು ಮಗ್ಗದ ಯಜಮಾನ. ಚರ್ಮದ ಚೀಲ ತೊಡಿಸಿದ ಟ್ರಾನ್ಸಿಸ್ಟರ್ ರೇಡಿಯೋ ಒಂದು ಕೈಯಲ್ಲಿ, ಪಂಚಾಂಗ ಇನ್ನೊಂದು ಕೈಯಲ್ಲಿ. ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು, "ಇವತ್ತ ಒಣಹವಾ. ಹಾಕ್ರಿ ಹಾಸ" ಎಂದೋ, "ಭರಣಿ ಮಳಿ ಕೂಡೈತಿ, ತಡೀರಿ" ಎಂದೋ ಅಪ್ಪಣೆ ಕೊಡುತ್ತಿದ್ದ. ಇನ್ನೊಬ್ಬಳು ನನ್ನ ಅಪ್ಪನ ತಂಗಿ ನೀಲವ್ವ. ನನಗೆ ನೀಲತ್ತಿ. ಗುಳೇದಗುಡ್ಡಕ್ಕೆ ಮದುವೆಯಾಗಿ ಹೋದವಳು ಎರಡೇ ವರ್ಷಕ್ಕೆ ಒಂದು ಟ್ರಂಕಿನೊಡನೆ ತಿರುಗಿ ಬಂದಿದ್ದಳು. ಯಾಕೆ ಬಂದಳೆಂದು ಯಾರಿಗೂ ಹೇಳಲಿಲ್ಲ. ನಮ್ಮ ಓಣಿಯವರು ಅದನ್ನು ಕ್ಷಮಿಸಲಿಲ್ಲ.

ನೀಲತ್ತಿಯ ಹತ್ತಿರ ರೇಡಿಯೋ ಇರಲಿಲ್ಲ. ಮಾಳಿಗೆಯ ಮೇಲೆ ಒಂದು ಗಳ ನಿಲ್ಲಿಸಿ ಅದರ ತುದಿಗೆ ಕರೀ ದಾರ ಕಟ್ಟಿದ್ದಳು, ಗಾಳಿಯ ದಿಕ್ಕು ನೋಡಲು. ಹರಳುಪ್ಪನ್ನು ಅರಿವೆಯಲ್ಲಿ ಕಟ್ಟಿ ನೆರಳಲ್ಲಿ ತೂಗುಹಾಕಿದ್ದಳು, ಅದು ಬೆವತರೆ ಹವೆಯಲ್ಲಿ ನೀರಿದೆ ಎಂದು ಲೆಕ್ಕ. ಡಾಲ್ಡಾ ಡಬ್ಬಿಯೊಳಗೆ ನನ್ನ ಶಾಲೆಯ ಅಳತೆಪಟ್ಟಿ ಇಳಿಬಿಟ್ಟು ಬಿದ್ದ ಮಳೆ ಅಳೆಯುತ್ತಿದ್ದಳು. ಇವೆಲ್ಲಕ್ಕಿಂತ ಅವಳು ನಂಬಿದ್ದು ಮಗ್ಗವನ್ನು. ಹವೆ ಒಣಗಿದ್ದರೆ ನೇಯುವಾಗ ನೂಲು ಪಟಪಟ ಹರಿಯುತ್ತದೆ, ಹಸಿಯಿದ್ದರೆ ಹರಿಯುವುದಿಲ್ಲ. "ನೂಲ ಇವತ್ತ ಹರೀವಲ್ದು, ಕಸ್ತೂರಿ. ಮ್ಯಾಲ ನಡಿ" ಅಂದಳೆಂದರೆ ನಾನು ಗಜಗದ ಆಟ ಬಿಟ್ಟು ಎದ್ದು ಓಡುತ್ತಿದ್ದೆ.

ನನಗಾಗ ಹನ್ನೊಂದು ವರ್ಷ. ಬೇಸಿಗೆ ಸೂಟಿ ಇಡೀ ಆ ಮಾಳಿಗೆಯ ಮೇಲೆ ಕಳೆಯಿತು. ಬೆಳಕಿಂಡಿಯ ಪಕ್ಕದ ಗೋಡೆಯ ನೆರಳಿನಲ್ಲಿ ಇಬ್ಬರೂ ಮಾವಿನಕಾಯಿ ಹೋಳಿಗೆ ಉಪ್ಪು ಖಾರ ಹಚ್ಚಿ ತಿನ್ನುತ್ತ ಕೂಡುತ್ತಿದ್ದೆವು. ದೂರ ಮಿಂಚಿದರೆ ನಾನು ಎಣಿಸಬೇಕು, ಗುಡುಗು ಕೇಳಿದಾಗ ನಿಲ್ಲಿಸಬೇಕು. ಮೂವತ್ತು ಇದ್ದದ್ದು ಇಪ್ಪತ್ತಕ್ಕೆ ಇಳಿದರೆ ಅದು ನಮ್ಮ ಕಡೆ ನಡೆದಿದೆ ಎಂದು ಅರ್ಥ. ಯಾವ ಕಡೆ ಎದ್ದಿತು, ಎಷ್ಟು ಹೊತ್ತಿಗೆ ಎದ್ದಿತು, ಬಂತೋ, ಹಾದು ಹೋಯಿತೋ, ಎಲ್ಲವನ್ನೂ ನೀಲತ್ತಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆಯುತ್ತಿದ್ದಳು. ತಪ್ಪಿದ ದಿನ "ತಪ್ಪಿದೆ" ಎಂದೂ ಬರೆಯುತ್ತಿದ್ದಳು. ಈರಪ್ಪ ತನ್ನ ತಪ್ಪನ್ನು ಎಂದೂ ಒಪ್ಪಿದವನಲ್ಲ.

ಮೋಡ ನಮ್ಮ ಕಡೆ ಬರುವುದು ಖಾತ್ರಿಯಾದರೆ ನೀಲತ್ತಿ ನನ್ನನ್ನು ಹಾಸು ಕಟ್ಟಿದವರ ಮನೆಗೆಲ್ಲ ಓಡಿಸುತ್ತಿದ್ದಳು. ಹಾಸು ಉಳಿಸಿಕೊಂಡವರು ಒಂದು ಒಳ್ಳೆಯ ಮಾತೂ ಆಡುತ್ತಿರಲಿಲ್ಲ. ಬೆನ್ನ ಹಿಂದೆ ಅವಳಿಗೆ "ಮಳಿರಾಯನ ಹೇಣ್ತಿ" ಎಂದು ಹೆಸರಿಟ್ಟಿದ್ದರು. ಅವರ ಹುಡುಗರು ಅದನ್ನು ಎದುರಿಗೇ ಕೂಗುತ್ತಿದ್ದರು. ಆ ಓಣಿಯನ್ನು ನೆನೆದರೆ ನನಗೆ ಈಗಲೂ ಹಲ್ಲು ಕಚ್ಚುವಂತಾಗುತ್ತದೆ.

ಒಂದು ಮುಂಜಾನೆ ನಳದ ಹತ್ತಿರ ಕೊಡ ಹಿಡಿದು ಹತ್ತಾರು ಹೆಂಗಸರು ನಿಂತಿದ್ದರು. ನೀಲತ್ತಿಯ ಪಾಳಿ ಬಂದಿತ್ತು, ನಾನು ಪಕ್ಕದಲ್ಲಿದ್ದೆ. ಹಿಂದಿನ ವಾರ ಈರಪ್ಪ ಮಳೆ ಇಲ್ಲವೆಂದ ಎರಡು ದಿನವೂ ಮಳೆ ಬಂದು, ನೀಲತ್ತಿಯ ಮಾತೇ ನಿಜವಾಗಿತ್ತು. ಆ ಉರಿ ಅವನಿಗಿತ್ತು. ಕಟ್ಟೆಯ ಮೇಲಿಂದ ಎಲ್ಲರಿಗೂ ಕೇಳುವಂತೆ ಅಂದ:

"ಕಟಗೊಂಡ ಗಂಡನ ಮನಸ್ಸ ತಿಳೀಲಿಲ್ಲ ಈಕಿಗೆ. ಮುಗಲಿನ ಮನಸ್ಸ ತಿಳೀತೈತಂತ!"

ನಳದ ಸುತ್ತ ನಿಂತವರೆಲ್ಲ ನಕ್ಕರು. ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕವರೂ ಇದ್ದರು, ಹಾಗೆಯೇ ನಕ್ಕವರೂ ಇದ್ದರು. ನೀಲತ್ತಿ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಮನೆಗೆ ನಡೆದಳು. ನೀರು ತುಳುಕಿ ಸೀರೆಯ ನಿರಿಗೆ ತೊಯ್ದವು.

"ಯಾಕ ಸುಮ್ನ ಬಂದಿ ಅತ್ತಿ? ಅವಗ ಬೈಬೇಕಿಲ್ಲ?" ಎಂದೆ.

"ನಾ ಯಾಕ ಬೈಲಿ? ಬರೋ ಮಳಿ ಉತ್ತರಾ ಕೊಡ್ತೈತಿ ತಗೋ" ಅಂದಳು.

ಅವಳು ಆ ಮಾತನ್ನು ಸಮಾಧಾನಕ್ಕೆ ಅಂದಿದ್ದಳು. ನಾನು ಅದನ್ನು ಹಾಗೆಯೇ ಎದೆಯಲ್ಲಿ ಇಟ್ಟುಕೊಂಡೆ.

ಎರಡು ದಿನ ಬಿಟ್ಟು ಈರಪ್ಪ ಹಾಸು ಕಟ್ಟಿಸಿದ. ರೇಡಿಯೋದಲ್ಲಿ ಒಣಹವೆ ಎಂದಿದ್ದರಂತೆ. ಬೆಳಗಿನ ಮುಗಿಲೂ ತೊಳೆದಿಟ್ಟ ತಾಟಿನ ಹಾಗಿತ್ತು. ಆ ದಿನ ಓಣಿಯಲ್ಲಿ ಹಾಸು ಹಾಕಿದ್ದು ಅವನೊಬ್ಬನೇ. ಕೆಂಪು ನೂಲು ಓಣಿಯ ಅರ್ಧ ಉದ್ದ ಹೊಳೆಯುತ್ತಿತ್ತು. ಅವನು ಏನೋ ಕೆಲಸಕ್ಕೆಂದು ಹುನಗುಂದದ ಬಸ್ಸು ಹತ್ತಿ ಹೋದ. ಗಂಜಿ ಹಚ್ಚಿದ ಆಳುಗಳು ಮಧ್ಯಾಹ್ನ ಊಟಕ್ಕೆ ಹೋದರು. ಗಂಜಿಗೆ ಬಾಯಿ ಹಾಕುವ ಆಡುಗಳನ್ನು ಓಡಿಸಲು ಅವನ ತಾಯಿ ಗೌರವ್ವಾಯಿ ಒಂದು ಬಡಿಗೆ ಹಿಡಿದು ಹಾಸಿನ ತುದಿಯಲ್ಲಿ ಕೂತಳು.

ಆ ಹೊತ್ತಿಗೆ ನಾವು ಮಾಳಿಗೆಯ ಮೇಲಿದ್ದೆವು. ಕರೀ ದಾರ ಅಲ್ಲಾಡದೆ ಜೋತುಬಿದ್ದಿತ್ತು. ಉಪ್ಪಿನ ಗಂಟಿನ ಅರಿವೆ ಕೈಗೆ ಹಸಿಯಾಗಿ ಹತ್ತಿತು. ಗಜೇಂದ್ರಗಡದ ಕಡೆಯಿಂದ ಬೆಳ್ಳಗಿನ ಮೋಡವೊಂದು ಹೂಕೋಸಿನ ಹಾಗೆ ಮೇಲೆ ಮೇಲೆ ಉಬ್ಬುತ್ತ ಎದ್ದಿತು. ನೋಡನೋಡುತ್ತ ಅದರ ಬುಡ ಕಪ್ಪಾಯಿತು, ಆಮೇಲೆ ಹಸಿರು ತಿರುಗಿತು. ನೀಲತ್ತಿ ಎದ್ದು ನಿಂತಳು.

"ಬುಡಕ್ಕ ಹಸರ ಬಂದೈತಿ. ಆಣೆಕಲ್ಲ ಬೀಳ್ತಾವು. ಓಡು ಕಸ್ತೂರಿ, ಈರಪ್ಪನ ಮನ್ಯಾಗ ಹೇಳು. ಹಾಸ ಬಿಚ್ಚಾಕ ಇನ್ನ ಹೊತ್ತೈತಿ."

"ಅವರ ಮನಿಗೆ ನಾ ಹೋಗಂಗಿಲ್ಲ."

"ಜಗಳ ಇರೂದ ಅವಂದೂ ನಂದೂ. ಹಾಸ ಏನ ಮಾಡೇತಿ? ಓಡಂದ್ರ ಓಡು."

ಓಡಿದೆ. ಹಿಟ್ಟಿನ ಗಿರಣಿಯ ಮೂಲೆಯವರೆಗೆ ಓಡಿದೆ. ಅಲ್ಲಿಂದ ಗೌರವ್ವಾಯಿ ಕಾಣುತ್ತಿದ್ದಳು, ಬಡಿಗೆ ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದಳು. ಇಪ್ಪತ್ತು ಹೆಜ್ಜೆ ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನನ್ನ ಕಿವಿಯಲ್ಲಿ ನಳದ ಹತ್ತಿರದ ಆ ನಗೆ ಇತ್ತು. ಮಳೆಯೇ ಉತ್ತರ ಕೊಡಲಿ ಎಂದುಕೊಂಡೆ. ಗಿರಣಿಯ ಗೋಡೆಗೆ ಬೆನ್ನು ಹಚ್ಚಿ ಸ್ವಲ್ಪ ಹೊತ್ತು ನಿಂತು, ತಿರುಗಿ ಬಂದೆ.

"ಹೇಳಿದಿ?" ಎಂದಳು ನೀಲತ್ತಿ.

"ಹೇಳಿದೆ."

ಅರ್ಧ ತಾಸಿಗೆ ಗಾಳಿ ಎದ್ದಿತು. ಧೂಳಿನಲ್ಲಿ ಎದುರು ಮನೆ ಕಾಣದಂತಾಯಿತು. ನಾವು ಕೆಳಗಿಳಿದು ಬಾಗಿಲು ಹಾಕಿಕೊಂಡೆವು. ಮೊದಲು ಹುಣಸೆಬೀಜದಷ್ಟು, ಆಮೇಲೆ ಅಡಿಕೆಯಷ್ಟು ಆಣೆಕಲ್ಲು ಬಿದ್ದವು. ಬೆಳಕಿಂಡಿಯ ಕೆಳಗೆ ಅವು ಪುಟಿದು ಉರುಳುತ್ತಿದ್ದರೆ ನಾನು ಒಂದನ್ನೆತ್ತಿ ಬಾಯಿಗೆ ಹಾಕಿಕೊಂಡೆ. ನನಗಾಗ ಕುಣಿಯುವಷ್ಟು ಸಂತೋಷವಾಗಿತ್ತು. ಅದನ್ನು ಇಲ್ಲಿ ಮುಚ್ಚಿಟ್ಟು ಫಲವಿಲ್ಲ. ಆ ಕೆಂಪು ಹಾಸು ಕೆಸರಿನಲ್ಲಿ ಬಿದ್ದದ್ದನ್ನು ಮನಸ್ಸಿನಲ್ಲೇ ನೋಡುತ್ತ ಆಣೆಕಲ್ಲು ಚೀಪುತ್ತಿದ್ದೆ. ಆಗ ಹೊರಗಿನಿಂದ ಹೆಂಗಸಿನ ಚೀರು ಕೇಳಿತು.

ಹಾಸು ಹಾಳಾಯಿತು. ಅದರ ಸಂಗಡ ಗೌರವ್ವಾಯಿಯೂ ಬಿದ್ದಿದ್ದಳು. ಆಣೆಕಲ್ಲಿನ ನಡುವೆ ಒಬ್ಬಳೇ ಹಾಸು ಬಿಚ್ಚಲು ಹೋಗಿ, ನೆಲಕ್ಕೆ ಚೆಲ್ಲಿದ ಗಂಜಿಯ ಮೇಲೆ ಕಾಲು ಜಾರಿ, ಕಲ್ಲಿನ ಮೇಲೆ ಬಿದ್ದು ಸೊಂಟದ ಎಲುಬು ಮುರಿದಿತ್ತು. ನಾಲ್ವರು ಅವಳನ್ನು ಬಾಗಿಲ ಹಲಗೆಯ ಮೇಲೆ ಎತ್ತಿಕೊಂಡು ಹೋದದ್ದನ್ನು ನಮ್ಮ ಬಾಗಿಲಿನಿಂದ ನೋಡಿದೆ. ಬಾಯಲ್ಲಿದ್ದ ಆಣೆಕಲ್ಲು ಕರಗಿ ಹೋಗಿತ್ತು.

ಸಂಜೆಯ ಬಸ್ಸಿಗೆ ಈರಪ್ಪ ಬಂದ. ಬಂದವನು ನೇರ ನಮ್ಮ ಮನೆಗೆ ನುಗ್ಗಿದ. ಹಿಂದೆ ಅರ್ಧ ಓಣಿ ಇತ್ತು.

"ಎಲ್ಲಿ ಅದಾಳ ನಿನ್ನ ತಂಗಿ?" ಎಂದು ಅಪ್ಪನ ಮೇಲೆ ಏರಿಹೋದ. "ಆಕಿ ನಾಲಿಗಿ ಕರೀದೈತಿ. ನಮ್ಮ ಮನಿ ಮ್ಯಾಲ ಆಕೀನ ಮಳಿ ಕರದಾಳ!"

ನೀಲತ್ತಿ ಹೊರಗೆ ಬಂದು ಹೊಸ್ತಿಲಲ್ಲಿ ನಿಂತಳು. "ನಾ ಹೇಳಿ ಕಳಿಸೀನಿ, ಈರಪ್ಪಣ್ಣ. ಮೋಡ ಎದ್ದ ಕೂಡ್ಲೆ ಹುಡುಗೀನ ಓಡಿಸೀನಿ. ನೀವು ಕೇಳಲಿಲ್ಲ."

"ಸುಳ್ಳ! ಯಾರೂ ಬಂದಿಲ್ಲ."

"ಕಸ್ತೂರಿ, ಹೇಳು."

ಎಲ್ಲರೂ ನನ್ನ ಕಡೆ ತಿರುಗಿದರು. ನೀಲತ್ತಿಯ ಮುಖದಲ್ಲಿ ಚೂರೂ ಅಳುಕಿರಲಿಲ್ಲ. ಅಷ್ಟು ನಂಬಿದ್ದಳು ನನ್ನನ್ನು. "ಆಯಿಗೆ ಹೇಳಿದ್ದೆ" ಎಂದೆ.

ಈರಪ್ಪ ನನ್ನ ರಟ್ಟೆ ಹಿಡಿದು ಅವನ ಮನೆಗೆ ಎಳೆದುಕೊಂಡು ಹೋದ. ಎಲ್ಲರೂ ಬಂದರು. ಒಳಗೆ ಎಲುಬು ಕಟ್ಟುವವನು ಹಚ್ಚಿದ ಎಣ್ಣೆಯ ವಾಸನೆ ಇತ್ತು. ಗೌರವ್ವಾಯಿ ಕಣ್ಣು ಮುಚ್ಚಿ ನರಳುತ್ತಿದ್ದಳು.

"ಯವ್ವಾ, ಮಳಿ ಬರ್ತೈತಿ ಅಂತ ಈ ಹುಡುಗಿ ಬಂದ ಹೇಳಿತ್ತೇನ?"

ಮುದುಕಿ ಕಣ್ಣು ತೆರೆದು ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು ಎಂದು ನನಗನ್ನಿಸಿತು.

"ಹೂಂ. ಬಂದಿತ್ತು ಕೂಸು" ಅಂದಳು. "ನಾನ ಲಕ್ಷ್ಯ ಕೊಡಲಿಲ್ಲ."

ಈರಪ್ಪನ ಕೈ ಸಡಿಲವಾಯಿತು. ಆದರೆ ಅವನ ಸಿಟ್ಟು ಎಲ್ಲಿಯಾದರೂ ಬೀಳಲೇಬೇಕಿತ್ತು. "ಮುದುಕಿ, ನಿನ್ನ ಬುದ್ಧಿಗೆ ಏನಾಗಿತ್ತ?" ಎಂದು ಸೊಂಟ ಮುರಿದ ತಾಯಿಯ ಮೇಲೆಯೇ ಒದರಿದ.

ಮರುದಿನದಿಂದ ಓಣಿಯ ನಾಲಿಗೆ ತಿರುಗಿತು. ನಳದ ಹತ್ತಿರ ನಕ್ಕಿದ್ದ ಹೆಂಗಸರೇ, "ನೀಲಕ್ಕಾ, ಇವತ್ತ ಹಾಸ ಹಾಕೂನೇನ?" ಎಂದು ಕೇಳಿಕೊಂಡು ನಮ್ಮ ಬಾಗಿಲಿಗೆ ಬಂದರು. ನೀಲತ್ತಿ ಬೀಗಲಿಲ್ಲ, ಕೇಳಿದವರಿಗೆಲ್ಲ ಹೇಳಿದಳು. ನನಗೆ ಮಾತ್ರ ಅನ್ನ ಇಳಿಯಲಿಲ್ಲ. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಈರಪ್ಪ ಮನೆಯಲ್ಲಿ ಇಲ್ಲದ್ದು ನೋಡಿ ಗೌರವ್ವಾಯಿಯ ಹತ್ತಿರ ಹೋದೆ. ಅವಳ ಮಂಚವನ್ನು ಪಡಸಾಲೆಯಲ್ಲಿ ಹಾಕಿದ್ದರು. ಬಾಗಿಲಲ್ಲಿ ನಿಂತು ಅಳತೊಡಗಿದೆ.

"ಒಳಗ ಬಾ. ಅಲ್ಲಿ ನಿಂತ ಅತ್ರ ಮಂದಿ ನೋಡ್ತಾರ" ಅಂದಳು.

"ಆಯಿ, ನಾ ಹೇಳಿದ್ದಿಲ್ಲ."

"ಗೊತ್ತೈತಿ. ಗಿರಣಿ ಮೂಲ್ಯಾಗ ನಿಂತಿದ್ದಿ. ನಿದ್ದಿಗಣ್ಣಾಗ ನೋಡೀನಿ. ಏನೋ ಆಟ ಆಡಾಕ ಹತ್ತಿದಿ ಅಂದ್ಕೊಂಡೆ."

"ಮತ್ತ ಯಾಕ ಹೌದಂದಿ?"

ಮುದುಕಿ ಚಾವಣಿಯ ತೊಲೆ ನೋಡಿದಳು. "ಇಲ್ಲ ಅಂದಿದ್ರ ನಾ ಎದ್ದ ಅಡ್ಡ್ಯಾಡತಿದ್ನೇನ? ನನ್ನ ಮಗ ನಿನ್ನ ಚರ್ಮಾ ಸುಲೀತಿದ್ದ, ಅಷ್ಟ. ಹೋಗು. ಯಾರ ಮುಂದೂ ಆಡಬ್ಯಾಡ."

ಆದರೆ ನಾನು ಆಡಿದೆ. ಆ ಸಂಜೆಯೇ ಮಾಳಿಗೆಯ ಮೇಲೆ ನೀಲತ್ತಿಗೆ ಎಲ್ಲ ಹೇಳಿದೆ. ಅವಳು ಹೊಡೆಯುತ್ತಾಳೆಂದು ಕಾದೆ. ಹೊಡೆಯಲಿಲ್ಲ. ನೋಟ್‌ಬುಕ್ಕು ಮುಚ್ಚಿಟ್ಟು, ಕೆಳಗಿಳಿದು, ಸೆರಗು ಹೊದ್ದುಕೊಂಡು ಈರಪ್ಪನ ಕಟ್ಟೆಗೆ ನಡೆದಳು. ಕಟ್ಟೆಯ ಮೇಲೆ ಐದಾರು ಗಂಡಸರು ಇದ್ದರು. ಅವರೆಲ್ಲರ ಎದುರಿಗೆ ನಿಂತು, "ನಮ್ಮ ಹುಡುಗಿ ನಿಮ್ಮ ಮನಿಗೆ ಬಂದಿದ್ದಿಲ್ಲ, ಈರಪ್ಪಣ್ಣ. ಬೇಕಂತ ಹೇಳಲಿಲ್ಲ. ತಪ್ಪ ನಮ್ದ" ಅಂದಳು.

ಈರಪ್ಪ ಎದ್ದು ಅವಳ ಕಾಲ ಬಳಿ ಉಗುಳಿದ. "ನೀನ ಕಲಿಸಿರತಿ" ಅಂದ. ಮರುದಿನ ಇಡೀ ಓಣಿ ಅದನ್ನೇ ಅಂದಿತು. ಅತ್ತೆಯೇ ಹುಡುಗಿಯನ್ನು ತಡೆದಳಂತೆ, ಸೇಡು ತೀರಿಸಿಕೊಂಡಳಂತೆ. ನಮ್ಮ ಬಾಗಿಲಿಗೆ ಬರುವುದನ್ನು ಎಲ್ಲರೂ ಬಿಟ್ಟರು. ಅಪ್ಪ ನನಗೆ ಬಾರುಕೋಲಿನಿಂದ ಹೊಡೆದ. ಅದು ನನಗೆ ಹೆಚ್ಚು ನೋಯಲಿಲ್ಲ. ನೋವಾದದ್ದು ಮುಂದಿನ ಸಲ ನೀಲತ್ತಿ ಮಾಳಿಗೆಯ ನಿಚ್ಚಣಿಕೆ ಹತ್ತಿದಾಗ. ನಾನೂ ಹಿಂದೆ ಎರಡು ಮೆಟ್ಟಿಲು ಏರಿದ್ದೆ. ಅವಳು ಮೇಲಿನಿಂದ, ದನಿ ಏರಿಸದೆ, "ನೀ ಬರಬ್ಯಾಡ" ಅಂದಳು.

ಗೌರವ್ವಾಯಿ ಮತ್ತೆ ಎದ್ದು ನಡೆಯಲಿಲ್ಲ. ಮೂರು ವರ್ಷ ಆ ಮಂಚದ ಮೇಲೇ ಇದ್ದು ತೀರಿಕೊಂಡಳು. ಅವಳ ಮಣ್ಣಿಗೆ ನಮ್ಮ ಮನೆಯವರನ್ನು ಸೇರಿಸಲಿಲ್ಲ.

ಈಗ ಆ ಓಣಿಯಲ್ಲಿ ಯಾರೂ ಬೀದಿಗೆ ಹಾಸು ಕಟ್ಟುವುದಿಲ್ಲ. ನಾನಿರುವುದು ಬಾಗಲಕೋಟೆಯಲ್ಲಿ. ಎಷ್ಟು ಗಂಟೆಗೆ ಮಳೆ ಎಂದು ಮೊಮ್ಮಗಳು ಫೋನಿನಲ್ಲಿ ನೋಡಿ ಹೇಳುತ್ತಾಳೆ, ತಪ್ಪಿದರೆ ಯಾರೂ ಯಾರ ಮೇಲೂ ಉಗುಳುವುದಿಲ್ಲ. ಆ ಓಣಿ ಹೋದದ್ದಕ್ಕೆ ನನಗೆ ದುಃಖವಿಲ್ಲ. ನಾನು ಕಳೆದುಕೊಂಡದ್ದು ಒಂದೇ, ಅದನ್ನು ನನ್ನ ಕೈಯಾರೆ ಕಳೆದುಕೊಂಡೆ. ನೀಲತ್ತಿ ಆಮೇಲೆ ಇಪ್ಪತ್ತು ವರ್ಷ ಬದುಕಿದ್ದಳು. ಸಿಟ್ಟು ಇಟ್ಟುಕೊಂಡಿದ್ದಳೆಂದು ಹೇಳಲಾರೆ. ನನ್ನ ತಲೆ ಹಿಕ್ಕಿದಳು, ಮದುವೆಗೆ ತಾನೇ ನೇಯ್ದ ಸೀರೆ ಉಡಿಸಿದಳು, ಬಾಣಂತನ ಮಾಡಿದಳು, ಊರಿನ ಮಾತೆಲ್ಲ ಆಡಿದಳು. ಬಾಣಂತನದ ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ದೂರದಲ್ಲಿ ಗುಡುಗಿತು. ನಾನು ತಡೆಯಲಾರದೆ, "ಅತ್ತಿ, ಬರ್ತೈತೇನ ಇದು?" ಎಂದು ಕೇಳಿದೆ.

ಅವಳು ನನ್ನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ಬಾಗಿಲ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ನನಗೇನ ಗೊತ್ತವಾ" ಅಂದಳು.