ಅರ್ಧ ಮೆಣಸಿನಕಾಯಿ

ನಮ್ಮ ಮೇಡಂ ಅವರ ಬಲಗೈ ತೋರುಬೆರಳು ಕೊಂಚ ಸೊಟ್ಟಗಿತ್ತು. ಆ ಬೆರಳಲ್ಲೇ ಮೊಸರನ್ನದ ಜೊತೆಗಿನ ಬಾಳಕದ ಮೆಣಸಿನಕಾಯಿ ಮುರಿದು ಅರ್ಧ ನನ್ನ ತಟ್ಟೆಗೆ ಹಾಕುತ್ತಿದ್ದರು. ಚೆನ್ನೈನ ಆಸ್ಪತ್ರೆಯೊಂದಕ್ಕೆ ನಾನು ಕಿರಿಯ ವೈದ್ಯನಾಗಿ ಸೇರಿದಾಗ ಐಸಿಯುಗೆ ಅವರೇ ಮುಖ್ಯಸ್ಥರು. ಧಾರವಾಡದವರು.

ಅವರದೊಂದು ಕಟ್ಟಳೆ. ರೋಗಿ ತೀರಿಕೊಂಡರೆ, ನೋಡಿಕೊಂಡ ಕಿರಿಯರು ನೇರ ಮುಂದಿನ ಹಾಸಿಗೆಗೆ ಹೋಗುವಂತಿಲ್ಲ. ಕೈ ತೊಳೆದು ಅವರೊಡನೆ ಕ್ಯಾಂಟೀನಿಗೆ ಬರಬೇಕು, ಮೊಸರನ್ನ ತಿನ್ನಬೇಕು, ಹೋದವರ ಬಗ್ಗೆ ಕೇಸ್ ಶೀಟಿನಲ್ಲಿ ಇಲ್ಲದ ಒಂದು ಸಂಗತಿ ಹೇಳಬೇಕು. ವೈದ್ಯರ ಮನಃಸ್ಥೈರ್ಯಕ್ಕೆಂದು ಆಡಳಿತದವರು ಸ್ಲೈಡು ಹಾಕಿ ತರಬೇತಿಯನ್ನೂ ಕೊಡಿಸುತ್ತಿದ್ದರು. ಅಲ್ಲಿ ನಾವು ತೂಕಡಿಸುತ್ತಿದ್ದೆವು. ಕಲಿತದ್ದು ಈ ಮೇಜಿನಲ್ಲಿ.

ನನ್ನ ಕೈಯಲ್ಲಿ ಮೊದಲು ತೀರಿಕೊಂಡವರು ಕೋಡಂಬಾಕ್ಕಂನ ಒಬ್ಬ ಟೈಲರ್. "ಹೇಳು ತಮ್ಮಾ" ಅಂದರು ಮೇಡಂ. ನನ್ನ ಕೋಟಿನ ಗುಂಡಿ ಸಡಿಲವಾಗಿದೆಯೆಂದು ಆತ ಬೈದಿದ್ದನ್ನು ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಊರು ಬಿಟ್ಟು ಬಂದವನಿಗೆ ಕನ್ನಡದಲ್ಲಿ ಅಳಲು ಸಿಕ್ಕ ಜಾಗ ಅದು. ಆ ಕುರ್ಚಿ ನನ್ನದೆಂದೇ ತಿಳಿದೆ.

ಮರುವರ್ಷ ತಾಂಬರಂನ ಹುಡುಗಿಯೊಬ್ಬಳು ಕಿರಿಯ ವೈದ್ಯೆಯಾಗಿ ಸೇರಿದಳು. ಒಂದು ಮಧ್ಯಾಹ್ನ ನೋಡಿದರೆ ನನ್ನ ಕುರ್ಚಿಯಲ್ಲಿ ಅವಳು, ಅವಳ ತಟ್ಟೆಯಲ್ಲಿ ಅರ್ಧ ಮೆಣಸಿನಕಾಯಿ. ಹೊಟ್ಟೆಗೆ ಬೆಂಕಿ ಬಿತ್ತು. ಬೆಳಿಗ್ಗೆಯಷ್ಟೇ ಅವಳ ರೋಗಿ ತೀರಿಕೊಂಡಿದ್ದರೆಂದು ಗೊತ್ತಿದ್ದೂ ಉರಿ ಆರಲಿಲ್ಲ. ಸಂಜೆ ಮೇಡಂ ಎದುರು ಮುಖ ಊದಿಸಿಕೊಂಡು ನಿಂತೆ. ಅವರು ಕನ್ನಡಕ ಒರೆಸುತ್ತ, "ಈ ವಾರ್ಡಿನ್ಯಾಗ ಎದಿ ಇರೋದು ನಿನಗೊಬ್ಬಂಗ ಏನೋ ತಮ್ಮಾ?" ಎಂದರು. ನಾಚಿಕೆಯಾಯಿತು. ಮತ್ಸರ ಮಾತ್ರ ಹೋಗಲಿಲ್ಲ. ಅವಳು ಆ ಮೇಜಿಗೆ ಹೋದ ದಿನವೆಲ್ಲ ನನಗೆ ಊಟ ರುಚಿಸುತ್ತಿರಲಿಲ್ಲ.

ಕಳೆದ ವರ್ಷ ಮೇಡಂ ತೀರಿಕೊಂಡರು. ಮಣ್ಣು ಮಾಡಿ ಬಂದು ಸೀದಾ ಕೆಲಸಕ್ಕೆ ಹೊರಟವನನ್ನು ಅವಳು ವಾರ್ಡಿನ ಬಾಗಿಲಲ್ಲೇ ತಡೆದಳು. ಕೈ ತೊಳೆಯಲು ಹೇಳಿ ಕ್ಯಾಂಟೀನಿಗೆ ಕರೆತಂದಳು. ಮೆಣಸಿನಕಾಯಿ ಮುರಿದು ಅರ್ಧ ನನಗೆ ಹಾಕಿದಳು.

ಮೊದಲು ತನ್ನ ಸಂಗತಿ ಹೇಳಿದ್ದು ಅವಳೇ. ಮೇಡಂ ಮತ್ತು ನಾನು ಕನ್ನಡದಲ್ಲಿ ನಗಾಡುವುದನ್ನು ಪಕ್ಕದ ಮೇಜಿನಿಂದ ನೋಡುತ್ತಿದ್ದಳಂತೆ, ಒಂದು ಮಾತೂ ತಿಳಿಯುತ್ತಿರಲಿಲ್ಲವಂತೆ. "ಎನಕ್ಕು ಅವ್ವಳವು ಪೊರಾಮೈಯಾ ಇರುಕ್ಕುಂ ಸಾರ್" ಎಂದಳು. ಅಷ್ಟು ಹೊಟ್ಟೆಕಿಚ್ಚಾಗುತ್ತಿತ್ತಂತೆ ಅವಳಿಗೆ. ಇಷ್ಟು ವರ್ಷ ಹೊಟ್ಟೆ ಉರಿದುಕೊಂಡವನು ನಾನೊಬ್ಬನೇ ಅಂದುಕೊಂಡಿದ್ದೆ.

ನನ್ನ ಸರದಿ ಬಂತು. ತಮಿಳು ಚೆನ್ನಾಗಿ ಬರುತ್ತಿದ್ದರೂ ಕನ್ನಡದಲ್ಲೇ ಹೇಳತೊಡಗಿದೆ. ಅವಳಿಗೆ ಒಂದಕ್ಷರ ಅರ್ಥವಾಗಲಿಲ್ಲ. ನಾನು ಮುಗಿಸುವ ತನಕ ಅವಳು ಏಳಲಿಲ್ಲ.